ಒಂದು ಬಲ್ಬಿನಿಂದ ಸೊನ್ನೆ ಬಿಲ್‌ವರೆಗೆ: ನಮ್ಮ ಮನೆಯ ‘ಯೂನಿಟ್’ ನಡೆದು ಬಂದ ದಾರಿ

ಸುದ್ದಿಗೆಂದು ಹಳ್ಳಿಗಳಿಗೆ ಹೋದಾಗ ಈಚೆಗೆ ನಮಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದಿದೆ. “ಸರ್ಕಾರ 200 ಯೂನಿಟ್ ಫ್ರೀ ಅಂತು. ನಾವು ಸುಡೋದು 65 ಯೂನಿಟ್. ಆದ್ರೂ ಬಿಲ್ ಬಂದಿದೆ, ಯಾಕೆ?” ಪಕ್ಕದ ಮನೆಯವರು 120 ಯೂನಿಟ್ ಸುಟ್ಟಿರುತ್ತಾರೆ, ಅವರಿಗೆ ಸೊನ್ನೆ. ಇವರು ಅದರಲ್ಲಿ ಅರ್ಧ ಸುಟ್ಟಿರುತ್ತಾರೆ, ಇವರಿಗೆ ಬಿಲ್. ಸಿಟ್ಟು ಬರುವುದು ಸಹಜ.

ಇದಕ್ಕೆ ಉತ್ತರ ಬೇಕಾದರೆ ಎರಡು ವಿಷಯ ಗೊತ್ತಿರಬೇಕು. ನಮ್ಮ ಮನೆಯ ಯಾವ ಸಾಮಾನು ಎಷ್ಟು ಕರೆಂಟ್ ತಿನ್ನುತ್ತದೆ ಎನ್ನುವುದು ಒಂದು. ಈ ‘ಯೂನಿಟ್’ ಎನ್ನುವ ಲೆಕ್ಕ ಎಲ್ಲಿಂದ ಬಂತು, ಅದನ್ನು ಇಷ್ಟು ದಿನ ಯಾರು ಹಿಡಿದುಕೊಂಡಿದ್ದರು ಎನ್ನುವುದು ಇನ್ನೊಂದು. ಮೊದಲನೆಯದು ಮೂರನೇ ಕ್ಲಾಸಿನ ಗುಣಾಕಾರ. ಎರಡನೆಯದು ಸುಮಾರು ಇನ್ನೂರೈವತ್ತು ವರ್ಷದ ಕಥೆ. ಎರಡನ್ನೂ ಒಟ್ಟಿಗೆ ಹೇಳುತ್ತೇವೆ.

ಕುದುರೆಯಿಂದ ಶುರುವಾದ ಲೆಕ್ಕ

ಬೋರ್‌ವೆಲ್ ಮೋಟಾರಿಗೆ ನಾವು 5 ಎಚ್‌ಪಿ, 7.5 ಎಚ್‌ಪಿ ಎನ್ನುತ್ತೇವಲ್ಲ, ಅಲ್ಲಿರುವ ಕುದುರೆ ನಿಜವಾದ ಕುದುರೆಯೇ. ಸ್ಕಾಟ್ಲೆಂಡಿನ ಜೇಮ್ಸ್ ವಾಟ್ 18ನೇ ಶತಮಾನದ ಕೊನೆಯಲ್ಲಿ ಉಗಿ ಯಂತ್ರ ಮಾರುತ್ತಿದ್ದ. ಆಗ ಗಿರಣಿಗಳಲ್ಲಿ ಗಾಣದ ಎತ್ತಿನಂತೆ ಕುದುರೆಗಳನ್ನು ಕಟ್ಟಿ ಚಕ್ರ ತಿರುಗಿಸುತ್ತಿದ್ದರು. ಯಂತ್ರ ಕೊಳ್ಳುವ ಸಾಹುಕಾರ ಕೇಳುವುದು ಒಂದೇ ಮಾತು: ಇದು ಎಷ್ಟು ಕುದುರೆಯ ಕೆಲಸ ಮಾಡುತ್ತದೆ? 33,000 ಪೌಂಡ್ ತೂಕವನ್ನು ಒಂದು ನಿಮಿಷದಲ್ಲಿ ಒಂದು ಅಡಿ ಎತ್ತುವಷ್ಟು ಕೆಲಸವನ್ನು ವಾಟ್ ಒಂದು ಕುದುರೆ ಶಕ್ತಿ ಎಂದು ಇಟ್ಟುಕೊಂಡ. ಆ ಲೆಕ್ಕದ ಮೇಲೆ ಗಿರಾಕಿಗಳಿಂದ ದುಡ್ಡು ಪಡೆದ. ಅಂದರೆ ಎಚ್‌ಪಿ ಹುಟ್ಟಿದ್ದೇ ವ್ಯಾಪಾರಕ್ಕೆ, ಬೆಲೆ ಕಟ್ಟುವುದಕ್ಕೆ.

ವಾಟ್ ತೀರಿಕೊಂಡಿದ್ದು 1819ರಲ್ಲಿ. 1882ರಲ್ಲಿ ಎಂಜಿನಿಯರ್ ವಿಲಿಯಂ ಸೀಮೆನ್ಸ್ ಸೂಚನೆಯಂತೆ ವಿದ್ಯುತ್ ಶಕ್ತಿಯ ಅಳತೆಗೆ ಅವನ ಹೆಸರನ್ನೇ ಇಟ್ಟರು. ಬಲ್ಬಿನ ಮೇಲೆ ಬರೆದಿರುವ ‘ವಾಟ್’ ಅದೇ. ಒಂದು ಎಚ್‌ಪಿ ಅಂದರೆ 746 ವಾಟ್.

ವಾಟ್ ಎನ್ನುವುದು ವೇಗದ ಲೆಕ್ಕ, ಒಂದು ಸಾಮಾನು ಎಷ್ಟು ಜೋರಾಗಿ ಕರೆಂಟ್ ಎಳೆಯುತ್ತದೆ ಎನ್ನುವುದು ಮಾತ್ರ. ಎಷ್ಟು ಹೊತ್ತು ಎಳೆಯಿತು ಎನ್ನುವುದನ್ನೂ ಸೇರಿಸಿದರೆ ಖರ್ಚು ಸಿಗುತ್ತದೆ. ನಲ್ಲಿ ಎಷ್ಟು ಜೋರಾಗಿ ಸುರಿಯುತ್ತಿದೆ ಎನ್ನುವುದು ವಾಟ್, ಕೊನೆಗೆ ಎಷ್ಟು ಕೊಡ ತುಂಬಿತು ಎನ್ನುವುದು ಯೂನಿಟ್. 1000 ವಾಟಿನ ಸಾಮಾನು ಒಂದು ಗಂಟೆ ನಡೆದರೆ ಒಂದು ಯೂನಿಟ್. 100 ವಾಟಿನದು ಹತ್ತು ಗಂಟೆ ನಡೆದರೂ ಒಂದೇ ಯೂನಿಟ್.

ಈ ‘ಯೂನಿಟ್’ ಎಂಬ ಮಾತೂ ಬ್ರಿಟನ್ನಿನಿಂದ ಬಂದದ್ದು. ಅಲ್ಲಿ ಕರೆಂಟ್ ಮಾರಾಟದ ಮೇಲೆ ಕಣ್ಣಿಟ್ಟಿದ್ದ ಸರ್ಕಾರಿ ಇಲಾಖೆ ಬೋರ್ಡ್ ಆಫ್ ಟ್ರೇಡ್. ಅದರ ಹೆಸರಿನಿಂದ ಒಂದು ಕಿಲೋವಾಟ್ ಗಂಟೆಗೆ ‘ಬೋರ್ಡ್ ಆಫ್ ಟ್ರೇಡ್ ಯೂನಿಟ್’ ಎನ್ನುತ್ತಿದ್ದರು. ಮುಂದಿನ ಮಾತೆಲ್ಲ ಉದುರಿಹೋಗಿ ನಮ್ಮ ಹಳ್ಳಿಗಳಿಗೆ ಬರುವ ಹೊತ್ತಿಗೆ ಬರೀ ‘ಯೂನಿಟ್’ ಉಳಿಯಿತು.

ಗಿರಾಕಿ ಓದಲಾಗದ ಮೀಟರ್

ಮೊದಲು ಕರೆಂಟನ್ನು ಅಳೆಯುವುದೇ ಕಷ್ಟವಾಗಿತ್ತು. ಹಾಲನ್ನು ಪಾವಿನಲ್ಲಿ, ರಾಗಿಯನ್ನು ಸೇರಿನಲ್ಲಿ ಅಳೆಯಬಹುದು. ತಂತಿಯೊಳಗೆ ಹರಿಯುವುದನ್ನು ಯಾವುದರಲ್ಲಿ ಅಳೆಯುವುದು? ಎಷ್ಟೋ ಊರುಗಳಲ್ಲಿ ದೀಪಕ್ಕೆ ಇಷ್ಟು ಎಂದು ದುಡ್ಡು ತೆಗೆದುಕೊಳ್ಳುತ್ತಿದ್ದರು.

1882ರ ಸೆಪ್ಟೆಂಬರಿನಲ್ಲಿ ಥಾಮಸ್ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ಕರೆಂಟ್ ಕೇಂದ್ರ ಶುರು ಮಾಡಿದ. ಅವನ ಮೀಟರ್ ಒಂದು ಗಾಜಿನ ಜಾಡಿ. ಅದರಲ್ಲಿ ಸತುವಿನ ದ್ರಾವಣ, ಅದರೊಳಗೆ ಎರಡು ಸತುವಿನ ತಗಡು. ಕರೆಂಟ್ ಹರಿದಷ್ಟೂ ಒಂದು ತಗಡು ಸವೆಯುತ್ತಿತ್ತು, ಇನ್ನೊಂದು ದಪ್ಪವಾಗುತ್ತಿತ್ತು. ಕಂಪನಿಯವರು ಬಂದು ತಗಡು ಬಿಚ್ಚಿಕೊಂಡು ಹೋಗಿ ತಕ್ಕಡಿಯಲ್ಲಿ ತೂಗಿ ಬಿಲ್ ಮಾಡುತ್ತಿದ್ದರು. ಮನೆಯವನಿಗೆ ನೋಡಿ ತಿಳಿದುಕೊಳ್ಳಲು ಅದರಲ್ಲಿ ಏನೂ ಇರಲಿಲ್ಲ. ಕಂಪನಿ ಹೇಳಿದ್ದನ್ನು ನಂಬಬೇಕು, ಅಷ್ಟೆ.

1889ರಲ್ಲಿ ಹಂಗೇರಿಯ ಎಂಜಿನಿಯರ್ ಒಟ್ಟೊ ಬ್ಲಾಥಿ ತಿರುಗುವ ತಟ್ಟೆಯ ಮೀಟರ್ ತಂದ. ಕರೆಂಟ್ ಹರಿದರೆ ತಟ್ಟೆ ತಿರುಗುತ್ತದೆ, ಜಾಸ್ತಿ ಹರಿದರೆ ಜೋರಾಗಿ ತಿರುಗುತ್ತದೆ, ಎಷ್ಟು ಸುತ್ತು ಎನ್ನುವುದು ಅಂಕಿಯಾಗಿ ಕಾಣುತ್ತದೆ. ನಮ್ಮ ಪಡಸಾಲೆಯ ಗೋಡೆಯ ಮೇಲೆ ಮರದ ಹಲಗೆಗೆ ಮೊಳೆ ಹೊಡೆದು ಕೂರಿಸಿದ್ದ ಕಪ್ಪು ಪೆಟ್ಟಿಗೆ ಆ ವಂಶದ್ದೇ. ಗಾಜಿನ ಹಿಂದೆ ಕೆಂಪು ಗುರುತಿದ್ದ ಚಕ್ರ ಸುತ್ತುವುದನ್ನು ನೋಡುತ್ತ ನಾವೆಲ್ಲ ಬೆಳೆದಿದ್ದೇವೆ. ಮಸಾಲೆ ರುಬ್ಬಲು ಮಿಕ್ಸಿ ಹಾಕಿದಾಗ ಚಕ್ರ ಓಡುವುದನ್ನು ಕಂಡು “ಅಯ್ಯೋ ಸಾಕು ನಿಲ್ಸಿ” ಎಂದವರೂ ಇದ್ದಾರೆ. ಲೆಕ್ಕ ಮೊದಲ ಸಲ ಮನೆಯವರ ಕಣ್ಣಿಗೆ ಬಿದ್ದದ್ದು ಹಾಗೆ.

ತಲೆಯ ಮೇಲೆ ಹಾದುಹೋದ ತಂತಿ

ನಮ್ಮ ನಾಡಿನ ಕರೆಂಟ್ ಕಥೆಯಲ್ಲಿ ಎಲ್ಲರೂ ಹೇಳುವುದು ಶಿವನಸಮುದ್ರ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಯೋಜನೆ ಹಾಕಿದರು. 1902ರ ಜೂನ್ 30ರಂದು ಕಾವೇರಿ ನೀರಿನ ಕರೆಂಟ್ ಹರಿಯಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ, ಅವರು 1901ರಲ್ಲೇ ತೀರಿಕೊಂಡಿದ್ದರು.

ಆ ಕರೆಂಟ್ ಮೊದಲು ಹೋದದ್ದು ಯಾವ ಮನೆಗೂ ಅಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲಕ್ಕೆ ಪ್ರಪಂಚದಲ್ಲೇ ತೀರಾ ಉದ್ದದ ಕರೆಂಟ್ ಲೈನುಗಳಲ್ಲಿ ಅದೂ ಒಂದು. ಗಣಿ ಕಂಪನಿಗಳಿಗೆ ಕರೆಂಟ್ ಮಾರಿದ್ದು ಯೂನಿಟ್ ಲೆಕ್ಕದಲ್ಲೂ ಅಲ್ಲ, ಒಂದು ಕುದುರೆ ಶಕ್ತಿಗೆ ವರ್ಷಕ್ಕೆ ಇಷ್ಟು ಎಂದು. ಮತ್ತೆ ಆ ಕುದುರೆಯೇ.

1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. 1908ರಲ್ಲಿ ಮೈಸೂರಿಗೆ ಬಂತು. ದಾರಿಯಲ್ಲಿದ್ದ ಹಳ್ಳಿಗಳ ತಲೆಯ ಮೇಲೆ ತಂತಿ ಹಾದುಹೋಗಿತ್ತು, ಕೆಳಗೆ ಚಿಮಣಿ ಬುಡ್ಡಿಯೇ ಉರಿಯುತ್ತಿತ್ತು. ಮುಂದೆ ಜೋಗ ಬಂತು, ಶರಾವತಿ ಬಂತು. 1964ರಲ್ಲಿ ಲಿಂಗನಮಕ್ಕಿಯ ನೀರು ನಿಂತಾಗ ಸಾಗರ, ಹೊಸನಗರದ ಕಡೆಯ ಊರುಗಳು ಮುಳುಗಿದವು. ನಮ್ಮ ಬಿಲ್ಲಿನ ಪ್ರತಿ ಯೂನಿಟ್ ಹಿಂದೆ ಅಂಥ ಬೆಲೆಯೂ ಇದೆ, ಅದಕ್ಕೆ ಬಿಲ್ಲಿನಲ್ಲಿ ಯಾವ ಕಾಲಮ್ಮೂ ಇಲ್ಲ.

ಒಂದು ಮನೆ, ಒಂದು ಬಲ್ಬು

1957ರಲ್ಲಿ ವಿದ್ಯುತ್ ಮಂಡಳಿ, ಅಂದರೆ ಕೆಇಬಿ ಆಯಿತು. ಈಗ ಹೆಸ್ಕಾಂ, ಬೆಸ್ಕಾಂ, ಜೆಸ್ಕಾಂ ಎಂದು ಬೋರ್ಡು ಬದಲಾದರೂ ಹಳ್ಳಿಯ ಹಿರಿಯರ ಬಾಯಲ್ಲಿ ಅದಿನ್ನೂ ‘ಕೆಇಬಿಯೋರು’. ಬಿಲ್ಲಿನ ಮೇಲಿನ ಆರ್.ಆರ್. ನಂಬರ್ ಕೂಡ ಹಳೆಯ ದಫ್ತರದ ಗುರುತೇ, ರೆವಿನ್ಯೂ ರಿಜಿಸ್ಟರ್ ಎನ್ನುವುದರ ಮೊದಲಕ್ಷರಗಳು.

ಬಡವರ ಮನೆಗೆ ಕರೆಂಟ್ ಬಂದದ್ದು ಭಾಗ್ಯಜ್ಯೋತಿ, ಕುಟೀರ ಜ್ಯೋತಿ ಯೋಜನೆಗಳಲ್ಲಿ. ಒಂದು ಮನೆಗೆ ಒಂದು ದೀಪ. ಬಹಳ ವರ್ಷ ಈ ಮನೆಗಳಿಗೆ ಇದ್ದ ಮಿತಿ ತಿಂಗಳಿಗೆ 18 ಯೂನಿಟ್. ಆಮೇಲೆ ಅದು 40 ಆಯಿತು.

ಈ 18 ಯೂನಿಟ್ ಅಂದರೆ ಎಷ್ಟು ಬದುಕು ಎಂದು ಲೆಕ್ಕ ಹಾಕಿ ನೋಡೋಣ. 18 ಯೂನಿಟ್ ಅಂದರೆ 18,000 ವಾಟ್ ಗಂಟೆ. 60 ವಾಟಿನ ಬುರುಡೆ ಬಲ್ಬಿನಿಂದ ಭಾಗಿಸಿದರೆ 300 ಗಂಟೆ, ದಿನಕ್ಕೆ 10 ಗಂಟೆ. ಸಂಜೆಗೆ, ನಸುಕಿಗೆ ಒಂದು ಬಲ್ಬು ಸಾಕಾಗುತ್ತದೆ. ಅದೇ ಮನೆಗೆ ಹಳೇ ಡಬ್ಬ ಟಿ.ವಿ. ಬಂತು ಅನ್ನಿ. ಅದು ಸುಮಾರು 100 ವಾಟ್. ದಿನಕ್ಕೆ ಐದು ಗಂಟೆ ಹಾಕಿದರೆ ತಿಂಗಳಿಗೆ 15 ಯೂನಿಟ್ ಅದಕ್ಕೇ ಹೋಯಿತು, ಬಲ್ಬಿಗೆ ಉಳಿದದ್ದು 3. ಅಂದರೆ ಆ ಮಿತಿಯಲ್ಲಿ ದೀಪಕ್ಕೆ ಮಾತ್ರ ಜಾಗ ಇತ್ತು. ಟಿ.ವಿ., ಫ್ಯಾನು, ಮಿಕ್ಸಿ ಬಂದ ದಿನವೇ ಮನೆ ಮಿತಿ ದಾಟುತ್ತಿತ್ತು. ಎಷ್ಟೋ ಮನೆಗಳಲ್ಲಿ ಬಾಕಿ ಬೆಳೆದದ್ದು ಹೀಗೆ. ಫ್ಯೂಸ್ ಕಿತ್ತುಕೊಂಡು ಹೋದಾಗಲೇ ಬಾಕಿ ಎಷ್ಟು ಎಂದು ಗೊತ್ತಾಗುತ್ತಿತ್ತು.

ಹೊಲದ ಕಡೆಯ ಕಥೆ ಬೇರೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಬಹಳಷ್ಟಕ್ಕೆ ಮೀಟರ್ ಇಲ್ಲ. ಎಷ್ಟು ಯೂನಿಟ್ ಹೋಯಿತು ಎನ್ನುವುದನ್ನು ಫೀಡರ್ ಲೆಕ್ಕ ನೋಡಿ ಅಂದಾಜು ಮಾಡುತ್ತಾರೆ. ಸರ್ಕಾರ ಸಬ್ಸಿಡಿ ಕಟ್ಟುವುದು ಆ ಅಂದಾಜಿನ ಮೇಲೆ. ರೈತನಿಗೆ ತನ್ನ ಮೋಟಾರ್ ಎಷ್ಟು ಕುಡಿಯಿತು ಎಂದು ಗೊತ್ತಿಲ್ಲ, ಆದರೆ ಅವನ ಹೆಸರಿನಲ್ಲಿ ಒಂದು ಅಂಕಿ ಪ್ರತಿ ವರ್ಷ ಕಡತದಲ್ಲಿ ಏರುತ್ತಿರುತ್ತದೆ. ಉಚಿತ ಬೇಡ ಎಂದು ನಾವು ಹೇಳುತ್ತಿಲ್ಲ. ಲೆಕ್ಕ ನಮ್ಮ ಕೈಯಲ್ಲಿ ಇಲ್ಲದಿದ್ದರೆ ನಾಳೆ ಯಾರಾದರೂ “ರೈತರೇ ಎಲ್ಲಾ ಕರೆಂಟ್ ನುಂಗಿದರು” ಎಂದಾಗ ಉತ್ತರ ಕೊಡಲು ನಮ್ಮ ಹತ್ತಿರ ಏನೂ ಇರುವುದಿಲ್ಲ, ಅಷ್ಟೇ ನಮ್ಮ ಮಾತು.

ಬಲ್ಬು ಸಣ್ಣದಾಯಿತು, ಮನೆ ದೊಡ್ಡದಾಯಿತು

2015ರಲ್ಲಿ ಕೇಂದ್ರ ಸರ್ಕಾರ ಕಡಿಮೆ ಬೆಲೆಗೆ ಎಲ್‌ಇಡಿ ಬಲ್ಬು ಹಂಚುವ ಉಜಾಲಾ ಯೋಜನೆ ತಂದಿತು. ನಮ್ಮ ರಾಜ್ಯದಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂತು. 60 ವಾಟಿನ ಬಲ್ಬಿನ ಜಾಗದಲ್ಲಿ 9 ವಾಟಿನದು. ಭಾಗ್ಯಜ್ಯೋತಿಯ ಆ ಹಳೇ 18 ಯೂನಿಟ್‌ನಲ್ಲಿ ಈಗ ದಿನಕ್ಕೆ ಐದು ಗಂಟೆಯಂತೆ 13 ಎಲ್‌ಇಡಿ ಬಲ್ಬು ಉರಿಸಬಹುದು.

ಆದರೂ ನಮ್ಮ ಯೂನಿಟ್ ಇಳಿದಿಲ್ಲ, ಏರಿದೆ. ದೀಪದ ಖರ್ಚು ಇಳಿದ ಹೊತ್ತಿಗೆ ಬೇರೆ ಸಾಮಾನುಗಳು ಮನೆಗೆ ಬಂದವು. ಈಗಿನ ಒಂದು ಸಾಧಾರಣ ಮನೆಯ ತಿಂಗಳ ಲೆಕ್ಕ ಹೀಗಿರುತ್ತದೆ. ವಾಟ್ ಅನ್ನು ದಿನದ ಗಂಟೆಯಿಂದ ಗುಣಿಸಿ, 30ರಿಂದ ಗುಣಿಸಿ, 1000ದಿಂದ ಭಾಗಿಸಿದ್ದೇವೆ.

- 9 ವಾಟಿನ ಬಲ್ಬು ನಾಲ್ಕು, ದಿನಕ್ಕೆ 5 ಗಂಟೆ: 5.4 ಯೂನಿಟ್
- 75 ವಾಟಿನ ಫ್ಯಾನು ಒಂದು, 10 ಗಂಟೆ: 22.5 ಯೂನಿಟ್
- 50 ವಾಟಿನ ಎಲ್‌ಇಡಿ ಟಿ.ವಿ., 5 ಗಂಟೆ: 7.5 ಯೂನಿಟ್
- 10 ವಾಟಿನ ಸೆಟ್‌ಟಾಪ್ ಬಾಕ್ಸ್, ಆರಿಸದೇ 24 ಗಂಟೆ: 7.2 ಯೂನಿಟ್
- 500 ವಾಟಿನ ಮಿಕ್ಸಿ, ದಿನಕ್ಕೆ 10 ನಿಮಿಷ: 2.5 ಯೂನಿಟ್
- ಎರಡು ಮೊಬೈಲ್, ದಿನಕ್ಕೊಂದು ಸಲ ಫುಲ್ ಚಾರ್ಜ್: ಸುಮಾರು 1.5 ಯೂನಿಟ್

ಒಟ್ಟು ಸುಮಾರು 47 ಯೂನಿಟ್.

ಈ ಪಟ್ಟಿಯಲ್ಲಿ ಒಂದು ಮಾತು ಗಮನಿಸಿ. ಮನೆಯಲ್ಲಿ ಬಿಲ್ ಜಾಸ್ತಿ ಬಂದಾಗ ಬೈಗುಳ ಬೀಳುವುದು ಮಿಕ್ಸಿಗೆ, ಅಂದರೆ ಅಡುಗೆ ಮನೆಯವರಿಗೆ. ಮಿಕ್ಸಿಯ ಸದ್ದು ಊರಿಗೆಲ್ಲ ಕೇಳುತ್ತದೆ. ಸದ್ದಿಲ್ಲದೆ ಟಿ.ವಿ. ಕೆಳಗೆ ಕೂತ ಸೆಟ್‌ಟಾಪ್ ಬಾಕ್ಸ್ ಮಿಕ್ಸಿಗಿಂತ ಸುಮಾರು ಮೂರು ಪಟ್ಟು ತಿಂದಿದೆ. ಒರಳುಕಲ್ಲಿನಿಂದ ಹೆಣ್ಣುಮಕ್ಕಳ ತೋಳನ್ನು ಬಿಡಿಸಿದ ಸಾಮಾನಿಗೆ ತಿಂಗಳಿಗೆ ಎರಡೂವರೆ ಯೂನಿಟ್. ಅದನ್ನು ಉಳಿಸಲು ಹೋಗಬೇಡಿ. ರಾತ್ರಿ ಮಲಗುವಾಗ ಟಿ.ವಿ.ಯ ಸ್ವಿಚ್ಚನ್ನು ಗೋಡೆಯಲ್ಲೇ ಆರಿಸಿ, ಹೆಚ್ಚು ಉಳಿಯುತ್ತದೆ.

ನಿಜವಾಗಿ ಕರೆಂಟ್ ತಿನ್ನುವುದು ಬಿಸಿ ಮಾಡುವ ಸಾಮಾನು. ಬಕೆಟ್‌ಗೆ ಇಳಿಬಿಡುವ 1500 ವಾಟಿನ ಹೀಟರ್ ಕಾಯಿಲ್ ತೆಗೆದುಕೊಳ್ಳಿ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು ಸುಮಾರು 0.44 ಯೂನಿಟ್ ಬೇಕು. ದಿನಕ್ಕೆ ನಾಲ್ಕು ಬಕೆಟ್ ಕಾಯಿಸಿದರೆ ತಿಂಗಳಿಗೆ 52 ಯೂನಿಟ್‌ಗೂ ಮೇಲೆ. ಉಳಿದ ಇಡೀ ಮನೆಗಿಂತ ಬಚ್ಚಲ ಮನೆಯ ಬಕೆಟ್ಟೇ ಜಾಸ್ತಿ! ಹಾಗೆಂದು ಸೌದೆ ಪುಕ್ಕಟೆ ಅಲ್ಲ, ಅದನ್ನು ಆಯ್ದು ತರುವ ತಲೆಹೊರೆಗೆ ಯಾರೂ ಬೆಲೆ ಕಟ್ಟಿಲ್ಲ, ಅಷ್ಟೆ. ಹಂಡೆಯೋ ಕಾಯಿಲೋ ಎನ್ನುವುದು ಮನೆಯವರ ತೀರ್ಮಾನ. ಲೆಕ್ಕ ನೋಡಿ ತೀರ್ಮಾನಿಸಿದರೆ ಒಳ್ಳೆಯದು.

ಫ್ರಿಜ್ ಮೇಲೆ ನಕ್ಷತ್ರದ ಚೀಟಿ ಅಂಟಿಸಿರುತ್ತಾರೆ. ನಾವು ನಕ್ಷತ್ರ ಎಣಿಸಿ ಸುಮ್ಮನಾಗುತ್ತೇವೆ. ಅದರಲ್ಲೇ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಅದನ್ನು 12ರಿಂದ ಭಾಗಿಸಿ. 200 ಎಂದಿದ್ದರೆ ತಿಂಗಳಿಗೆ ಸುಮಾರು 17.

ಸೊನ್ನೆ ಬಿಲ್ಲಿನ ಒಳಗೆ

ಈಗ ಮೊದಲ ಪ್ರಶ್ನೆಗೆ ಬರೋಣ. 2023ರ ಆಗಸ್ಟಿನಿಂದ ಗೃಹಜ್ಯೋತಿಯ ಸೊನ್ನೆ ಬಿಲ್ ಶುರುವಾಯಿತು. 200 ಯೂನಿಟ್ ಎನ್ನುವುದು ಎಲ್ಲರಿಗೂ ಸಿಗುವ ಪಾಲಲ್ಲ, ಯೋಜನೆಯ ಮೇಲಿನ ಗಡಿ. ನಿಮ್ಮ ಪಾಲು ನಿಮ್ಮ ಹಳೇ ಬಳಕೆಯ ಮೇಲೆ ನಿಂತಿದೆ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿತ್ತೋ ಅದಕ್ಕೆ ಶೇ. 10 ಸೇರಿಸಿ ಮಿತಿ ಹಾಕಿದರು. ಕಡಿಮೆ ಸುಡುವವರಿಗೆ ಶೇ. 10 ಎಂದರೆ ಮೂರೋ ನಾಲ್ಕೋ ಯೂನಿಟ್, ಯಾವುದಕ್ಕೂ ಸಾಲದು. ಹಾಗಾಗಿ 2024ರ ಜನವರಿಯಲ್ಲಿ 48 ಯೂನಿಟ್‌ಗಿಂತ ಕಡಿಮೆ ಸರಾಸರಿ ಇದ್ದವರಿಗೆ ಶೇ. 10ರ ಬದಲು 10 ಯೂನಿಟ್ ಎಂದು ತಿದ್ದಿದರು.

ನಿಮ್ಮ ಸರಾಸರಿ 40 ಇತ್ತು ಅನ್ನಿ. ನಿಮ್ಮ ಪಾಲು 50. ಮೇಲಿನ ಪಟ್ಟಿಯ 47 ಯೂನಿಟ್ ಅದರೊಳಗೆ ಇರುತ್ತದೆ, ಬಿಲ್ ಸೊನ್ನೆ. ಮಗಳ ಮದುವೆಗೋ ಹಬ್ಬದ ಆಫರಿಗೋ ಫ್ರಿಜ್ ಬಂತು, 17 ಸೇರಿತು, ಒಟ್ಟು 64. ಮಿತಿ ದಾಟಿದ 14 ಯೂನಿಟ್‌ಗೆ ದುಡ್ಡು ಕಟ್ಟಬೇಕು. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ 84 ರೂಪಾಯಿ, ಅದರ ಮೇಲೆ ತೆರಿಗೆ ಇತ್ಯಾದಿ. ನಿಮ್ಮ ದರ ಎಷ್ಟು ಎನ್ನುವುದು ಬಿಲ್ಲಿನಲ್ಲೇ ಇರುತ್ತದೆ, ಅದನ್ನೇ ಹಾಕಿ ಲೆಕ್ಕ ಮಾಡಿ. 200 ದಾಟಿದ ತಿಂಗಳು ಮಾತ್ರ ಪೂರ್ತಿ ಬಿಲ್ ನಿಮ್ಮದೇ.

ಪಕ್ಕದ ಮನೆಯವರ ಸರಾಸರಿ 110 ಇದ್ದಿದ್ದರೆ ಅವರ ಪಾಲು 121. ಅವರು 120 ಸುಟ್ಟರೂ ಸೊನ್ನೆ. ಮೊದಲೇ ಫ್ರಿಜ್, ಮೋಟಾರ್ ಇದ್ದ ಮನೆಗೆ ದೊಡ್ಡ ಪಾಲು ಸಿಕ್ಕಿತು. ಒಂದು ಬಲ್ಬು, ಒಂದು ಫ್ಯಾನಿನಲ್ಲಿ ಕಾಲ ಹಾಕಿದವರಿಗೆ ಚಿಕ್ಕ ಪಾಲು. ಇದು ನ್ಯಾಯವೋ ಅಲ್ಲವೋ ಎಂದು ಕೇಳುವ ಹಕ್ಕು ನಮಗಿದೆ. ಹಳೇ 18 ಯೂನಿಟ್‌ನ ಮನೆಯೂ ಇದೇ ಕಷ್ಟ ಉಂಡಿತ್ತು. ಮಿತಿ ಹಾಕಿದವರು ನಿನ್ನೆಯ ಮನೆಯನ್ನು ನೋಡಿ ಹಾಕಿರುತ್ತಾರೆ, ಮನೆ ನಾಳೆಯ ಕಡೆಗೆ ನಡೆಯುತ್ತಿರುತ್ತದೆ.

ಕೇಳುವ ಜಾಗವೂ ಇದೆ. ಕರೆಂಟ್ ದರ ನಿಗದಿ ಮಾಡಲು 1999ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬಂತು. ದರ ಬದಲಿಸುವ ಮುನ್ನ ಅದು ಜನರ ಆಕ್ಷೇಪಣೆ ಕರೆಯುತ್ತದೆ, ಬಹಿರಂಗ ವಿಚಾರಣೆ ನಡೆಸುತ್ತದೆ. ನಮ್ಮ ಮನೆಯ ಲೆಕ್ಕ ಬರೆದುಕೊಂಡು ಹೋದರೆ ಅಲ್ಲಿ ಮಾತಿಗೆ ತೂಕ ಬರುತ್ತದೆ. ಗೃಹಜ್ಯೋತಿಯ ಪಾಲಿನ ಮಾತು ಸರ್ಕಾರದ್ದು, ಅದನ್ನು ಗ್ರಾಮಸಭೆಯಲ್ಲಿ, ಶಾಸಕರ ಮುಂದೆ ಇಡಬಹುದು. 48 ಯೂನಿಟ್‌ನವರ ತಿದ್ದುಪಡಿಯೇ ಹೇಳುವಂತೆ ಈ ಅಂಕಿಗಳು ಬದಲಾಗದ ಕಲ್ಲುಬರಹ ಅಲ್ಲ.

ಮೀಟರಿನ ಕೆಂಪು ದೀಪ

ಕೊನೆಯದಾಗಿ ಒಂದು ಉಪಾಯ. ಚಕ್ರದ ಮೀಟರ್ ಹೋಗಿ ಎಲೆಕ್ಟ್ರಾನಿಕ್ ಮೀಟರ್ ಬಂದಿದೆ. ಚಕ್ರದ ಬದಲು ಒಂದು ಸಣ್ಣ ಕೆಂಪು ದೀಪ ಮಿಣುಕುತ್ತದೆ. ಅದರ ಹತ್ತಿರ 3200 ಎಂದೋ 1600 ಎಂದೋ ಅಂಕಿ ಬರೆದಿರುತ್ತದೆ. ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಎಂದರ್ಥ.

ಮನೆಯ ಎಲ್ಲ ಸ್ವಿಚ್ ಆರಿಸಿ. ಮಿಣುಕುವುದು ನಿಲ್ಲಬೇಕು. ಎಲ್ಲ ಆರಿಸಿದ ಮೇಲೂ ಮಿಣುಕುತ್ತಿದ್ದರೆ ಎಲ್ಲೋ ಏನೋ ಓಡುತ್ತಿದೆ, ಅಥವಾ ವೈರಿಂಗ್‌ನಲ್ಲಿ ದೋಷ ಇದೆ, ಎಲೆಕ್ಟ್ರಿಷಿಯನ್ ಕರೆಸಿ. ನಿಂತರೆ ಒಂದೇ ಸಾಮಾನು ಹಾಕಿ, ಮೊಬೈಲ್‌ನಲ್ಲಿ ಒಂದು ನಿಮಿಷ ಇಟ್ಟುಕೊಂಡು ಎಣಿಸಿ. 3200ರ ಮೀಟರಿನಲ್ಲಿ ನಿಮಿಷಕ್ಕೆ ಒಂದು ಮಿಣುಕು ಅಂದರೆ 18.75 ವಾಟ್. ನಾಲ್ಕು ಸಲ ಮಿಣುಕಿದರೆ 75 ವಾಟ್, ಅದು ಫ್ಯಾನು. 80 ಸಲ ಮಿಣುಕಿದರೆ 1500 ವಾಟ್, ಅದು ಕಾಯಿಲ್. 1600ರ ಮೀಟರಾದರೆ ಒಂದು ಮಿಣುಕಿಗೆ 37.5 ವಾಟ್ ಹಿಡಿಯಿರಿ.

ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಈ ಭಾನುವಾರ ಅವರ ಕೈಯಲ್ಲಿ ಮಾಡಿಸಿ. ಒಂದು ಹಾಳೆಯಲ್ಲಿ ಮನೆಯ ಸಾಮಾನು, ವಾಟ್, ಗಂಟೆ, ತಿಂಗಳ ಯೂನಿಟ್ ಎಂದು ನಾಲ್ಕು ಕಾಲಮ್ ಹಾಕಿ ಬರೆಸಿ, ಮೀಟರಿನ ಪಕ್ಕದಲ್ಲೇ ಅಂಟಿಸಿ. ಮುಂದಿನ ತಿಂಗಳು ಬಿಲ್ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೆಚ್ಚು ಕಡಿಮೆ ಹೊಂದಿದರೆ ಸಮಾಧಾನ. ಬಹಳ ವ್ಯತ್ಯಾಸ ಇದ್ದರೆ ಆ ಹಾಳೆ ಹಿಡಿದುಕೊಂಡೇ ಸೆಕ್ಷನ್ ಆಫೀಸಿಗೆ ಹೋಗಿ, ಅರ್ಜಿಯ ಜೊತೆ ಅದರದೊಂದು ಪ್ರತಿ ಇಟ್ಟು ಸ್ವೀಕೃತಿ ಪಡೆದುಕೊಂಡು ಬನ್ನಿ.